ಪರದೇಶದ ಸಂಬಳ ಮತ್ತು ನಮ್ಮ ಓದು

(ಡಿ. ಹಿರೇಹಾಳಿನಲ್ಲಿ ಶಾಲೆಯ ವಾರ್ಷಿಕೋತ್ಸವದ ದಿನ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಾರ್ಷಿಕೋತ್ಸವದ ದಿನ ಮುಖ್ಯೋಪಾಧ್ಯಾಯನಾದವನು ದಾನಿಗಳನ್ನು ಸ್ಮರಿಸಿ, ಮಕ್ಕಳಿಗೆ ನಾಲ್ಕು ಹಿತವಚನಗಳನ್ನು ಹೇಳಿ ಕುಳಿತುಕೊಳ್ಳುವುದು ವಾಡಿಕೆ. ಇಂದು ಆ ವಾಡಿಕೆಯನ್ನು ಸ್ವಲ್ಪ ಮೀರುತ್ತಿದ್ದೇನೆ; ತಾವು ಮನ್ನಿಸಬೇಕು. ಕೆಲವು ವರ್ಷಗಳಿಂದ ನನ್ನ ಮನಸ್ಸನ್ನು ಕೊರೆಯುತ್ತಿರುವ ವಿಷಯವೊಂದಿದೆ. ಪರದೇಶದ ಮಾಲಿಕನು ನಮ್ಮ ಹುಡುಗರನ್ನು ಕೆಲಸಕ್ಕೆ ಗೊತ್ತುಮಾಡಿಕೊಳ್ಳುವ ಬಗೆ ಹೇಗೆ, ಅವರಿಗೆ ಸಂಬಳ ಸಲ್ಲುವ ಬಗೆ ಹೇಗೆ, ಅದರಲ್ಲಿ ಈ ಶಾಲೆಯ ಹೊಣೆ ಏನು ಎಂಬುದೇ ಆ ವಿಷಯ. ದುಬೈ, ಕುವೈತ್, ಕತಾರ್ ಎಂಬ ಹೆಸರುಗಳು ಇಂದು ನಮ್ಮ ಮನೆಗಳಲ್ಲಿ ಬಳ್ಳಾರಿ, ರಾಯದುರ್ಗಗಳ ಹೆಸರಿನಷ್ಟೇ ಬಳಕೆಯವಾಗಿವೆ. ಆದುದರಿಂದ ಇದು ದೂರದ ಮಾತಲ್ಲ.

ಮೊದಲು ನಮ್ಮ ಊರಿನ ಹಳೆಯ ಪದ್ಧತಿಯನ್ನೇ ನೆನೆಯೋಣ. ಯುಗಾದಿಯ ಹೊತ್ತಿಗೆ ರೈತನು ಒಂದು ವರ್ಷಕ್ಕೆ ಸಂಬಳದಾಳನ್ನು ಗೊತ್ತುಮಾಡುತ್ತಿದ್ದನು. ಇಷ್ಟು ರೊಕ್ಕ, ಇಷ್ಟು ಜೋಳ, ಒಂದು ಕಂಬಳಿ, ಒಂದು ಜೊತೆ ಮೆಟ್ಟು ಎಂದು ಮಾತಾಗುತ್ತಿತ್ತು. ಕಾಗದವಿಲ್ಲ, ರುಜುವಿಲ್ಲ. ಕಟ್ಟೆಯ ಮೇಲೆ ಕುಳಿತ ನಾಲ್ವರು ಹಿರಿಯರೇ ಸಾಕ್ಷಿ. ಮಾತಿಗೆ ತಪ್ಪಿದವನು ಮರುದಿನ ಅದೇ ಕಟ್ಟೆಯ ಮುಂದೆ ಹಾಯಬೇಕಾಗಿತ್ತು. ಈ ಪದ್ಧತಿಯಲ್ಲಿ ಅನ್ಯಾಯವಿರಲಿಲ್ಲವೆಂದು ನಾನು ಹೇಳಲಾರೆ. ಸಾಲಕ್ಕೆ ಸಿಕ್ಕಿ ತಲೆತಲಾಂತರ ಜೀತಕ್ಕಿದ್ದವರೂ ಉಂಟು. ಆ ಜೀತವನ್ನು ತೊಡೆಯಲು 1976ರಲ್ಲಿ ಕಾಯಿದೆಯೇ ಬೇಕಾಯಿತು. ಆದರೂ ಮಾಲಿಕನ ಮುಖವನ್ನು ಆಳು ಬಲ್ಲವನಾಗಿದ್ದನು; ಕೇಳುವವರು ಕೂಗಳತೆಯಲ್ಲಿದ್ದರು.

ಈಗ ಮಾಲಿಕನು ಸಮುದ್ರದ ಆಚೆ ಇದ್ದಾನೆಂದು ಭಾವಿಸಿರಿ. ಅವನ ಮುಖವನ್ನು ನಾವು ಕಂಡಿಲ್ಲ, ಅವನ ಭಾಷೆಯನ್ನು ಅರಿಯೆವು, ಅವನ ನಾಡಿನ ಕಾನೂನು ನಮಗೆ ತಿಳಿಯದು. ನಡುವೆ ನಿಂತ ದಲ್ಲಾಳಿಯೊಬ್ಬನ ಮಾತೇ ನಮಗೆ ಆಧಾರ. ಅಂಥಲ್ಲಿ ಕಟ್ಟೆಯ ಮೇಲಿನ ಹಿರಿಯರ ಕೆಲಸವನ್ನು ಮಾಡತಕ್ಕ ವಸ್ತು ಒಂದೇ: ಕರಾರು ಪತ್ರ. ಆ ಪತ್ರದಲ್ಲಿ ಬರೆದುದೇ ಮಾತು; ಬರೆಯದುದು ಮಾತಲ್ಲ.

ಇದು ಇಂದಿನ ಕಥೆಯೂ ಅಲ್ಲ. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯು 1834ರಲ್ಲಿ ನಿಂತಾಗ ಕಬ್ಬಿನ ತೋಟಗಳ ಒಡೆಯರು ಕೈಯಾಳುಗಳಿಗಾಗಿ ನಮ್ಮ ದೇಶದತ್ತ ನೋಡಿದರು. ಆ ವರ್ಷದ ನವೆಂಬರ್ 2ರಂದು 36 ಮಂದಿ ಭಾರತೀಯ ಕೂಲಿಗಳನ್ನು ಹೊತ್ತ ‘ಅಟ್ಲಾಸ್’ ಎಂಬ ಹಡಗು ಮಾರಿಷಸ್ ದ್ವೀಪವನ್ನು ಸೇರಿತು. 1860ರ ನವೆಂಬರ್ 16ರಂದು ಮದರಾಸಿನಿಂದ ಹೊರಟ ‘ಟ್ರೂರೊ’ ಹಡಗು ದಕ್ಷಿಣ ಆಫ್ರಿಕದ ನಟಾಲಿಗೆ ಮುಟ್ಟಿತು. ಆಗ ನಮ್ಮ ಈ ಊರೂ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದಿತು. ಮುಂದೆ ಧಾತು, ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ, ಬಂದ ಮಹಾಕ್ಷಾಮದಲ್ಲಿ ಬಳ್ಳಾರಿ ಸೀಮೆ ಪಟ್ಟ ಪಾಡನ್ನು ಹಿರಿಯರಿಂದ ಕೇಳಿದ್ದೀರಿ. ಹೊಟ್ಟೆಗಿಲ್ಲದವನ ಮುಂದೆ ಯಾವ ಕಾಗದವನ್ನು ಹಿಡಿದರೂ ಅವನು ಹೆಬ್ಬೆಟ್ಟು ಒತ್ತಿಯಾನು.

ಆ ಕೂಲಿಗಳಿಗೂ ಕರಾರು ಇದ್ದಿತು ಎಂಬುದನ್ನು ಗಮನಿಸಿರಿ. ‘ಅಗ್ರಿಮೆಂಟ್’ ಎಂಬ ಇಂಗ್ಲಿಷ್ ಮಾತು ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು. ಅವರು ‘ಗಿರ್ಮಿಟಿಯರು’ ಎನಿಸಿಕೊಂಡರು. ನಟಾಲಿನಲ್ಲಿ ಐದು ವರ್ಷದ ಕರಾರು. ಮೊದಲ ವರ್ಷ ತಿಂಗಳಿಗೆ 10 ಷಿಲ್ಲಿಂಗ್ ಸಂಬಳ, ಆಮೇಲೆ ವರ್ಷಕ್ಕೊಂದು ಷಿಲ್ಲಿಂಗ್ ಏರಿಕೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಅದೇ ಕರಾರಿನ ಬೆನ್ನಿಗಿದ್ದ ಕಾನೂನಿನಂತೆ ಕೆಲಸ ಬಿಟ್ಟುಹೋದವನು ಅಪರಾಧಿ, ಅವನಿಗೆ ಸೆರೆಮನೆ. ಮಾರಿಷಸ್ಸಿನಲ್ಲಿ ಒಂದು ದಿನ ಕೆಲಸಕ್ಕೆ ಬಾರದವನಿಗೆ ಎರಡು ದಿನದ ಕೂಲಿಯನ್ನು ಕಡಿಯುವ ಪದ್ಧತಿ ಇದ್ದಿತು. 1894ರಲ್ಲಿ ಬಾಲಸುಂದರಂ ಎಂಬ ತಮಿಳು ಕೂಲಿಯು ಒಡೆಯನ ಹೊಡೆತದಿಂದ ಎರಡು ಹಲ್ಲು ಮುರಿದು, ರಕ್ತ ಸುರಿಸುತ್ತ ಡರ್ಬಾನಿನಲ್ಲಿ ತರುಣ ವಕೀಲರೊಬ್ಬರ ಬಳಿಗೆ ಬಂದನು. ಆ ವಕೀಲರು ಮೋಹನದಾಸ ಕರಮಚಂದ ಗಾಂಧಿಯವರು. ಅಷ್ಟು ನೊಂದವನನ್ನೂ ಕೂಡಲೇ ಸ್ವತಂತ್ರಗೊಳಿಸುವ ದಾರಿ ಅವರಿಗೆ ಇರಲಿಲ್ಲ; ಅವನ ಕರಾರನ್ನು ಬೇರೊಬ್ಬ ಮಾಲಿಕನಿಗೆ ವರ್ಗಾಯಿಸುವುದಷ್ಟೇ ಅವರಿಂದಾಯಿತು.

ಈ ಪದ್ಧತಿಯ ವಿರುದ್ಧ ಗೋಪಾಲಕೃಷ್ಣ ಗೋಖಲೆಯವರು ಶಾಸನಸಭೆಯಲ್ಲಿ ಹೋರಾಡಿದರು. 1911ರಲ್ಲಿ ನಟಾಲಿಗೆ ಕೂಲಿಗಳನ್ನು ಕಳುಹಿಸುವುದು ನಿಂತಿತು. 1917ರಲ್ಲಿ ಎಲ್ಲ ಕಡೆಗೂ ನಿಂತಿತು. 1920ರ ಜನವರಿ 1ರಂದು ಫಿಜಿ ದ್ವೀಪಗಳಲ್ಲಿ ಉಳಿದಿದ್ದ ಕರಾರುಗಳೂ ರದ್ದಾದವು. ಕರಾರಿನಲ್ಲಿ ಸಂಬಳದ ಅಂಕಿ ಇದ್ದ ಮಾತ್ರಕ್ಕೆ ಸಾಲದು. ಅದರ ಉಳಿದ ಸಾಲುಗಳೇನು, ಅದರ ಹಿಂದಿರುವ ಕಾನೂನು ಯಾರ ಪರ ಎಂಬುದನ್ನೂ ತಿಳಿಯಬೇಕು ಎಂಬ ಪಾಠವನ್ನು ನಮ್ಮ ಪೂರ್ವಿಕರು ಬಹಳ ಬೆಲೆ ತೆತ್ತು ಕಲಿತರು.

ಇನ್ನು ನಮ್ಮ ಕಾಲಕ್ಕೆ ಬರುತ್ತೇನೆ. ಹೊರದೇಶಕ್ಕೆ ಕೆಲಸಕ್ಕೆ ಹೋಗುವವರ ರಕ್ಷಣೆಗಾಗಿ 1983ರಲ್ಲಿ ವಲಸೆ ಕಾಯಿದೆ ಬಂದಿತು. 2025ರಲ್ಲಿ ಅದರ ಸ್ಥಾನಕ್ಕೆ ಹೊಸ ಮಸೂದೆಯೊಂದರ ಕರಡನ್ನು ಸರ್ಕಾರವು ಜನಾಭಿಪ್ರಾಯಕ್ಕಾಗಿ ಪ್ರಕಟಿಸಿತು. 1983ರ ಕಾಯಿದೆಯಂತೆ ಸರ್ಕಾರದಲ್ಲಿ ನೋಂದಣಿ ಮಾಡಿಸದ ದಲ್ಲಾಳಿಯು ಯಾರನ್ನೂ ಹೊರದೇಶದ ಕೆಲಸಕ್ಕೆ ನೇಮಿಸುವಂತಿಲ್ಲ. ನೋಂದಾಯಿತನಾದವನೂ ತನ್ನ ಸೇವೆಗೆ 30,000 ರೂಪಾಯಿಗಳಿಗಿಂತ ಹೆಚ್ಚು ಪಡೆಯುವಂತಿಲ್ಲ. ಅದರ ಮೇಲೆ ನೂರಕ್ಕೆ 18ರಂತೆ ತೆರಿಗೆ ಸೇರಿದರೆ 35,400 ರೂಪಾಯಿ. ಕೊಟ್ಟ ಹಣಕ್ಕೆ ರಸೀದಿ ಪಡೆಯುವುದು ನಮ್ಮ ಹಕ್ಕು.

ಈ ಕಾಯಿದೆಯ ಏರ್ಪಾಡಿನಲ್ಲಿ ನಮ್ಮ ಶಾಲೆಗೆ ನೇರವಾಗಿ ತಗಲುವ ಒಂದು ಅಂಶವಿದೆ. ವಿದ್ಯಾರ್ಥಿಗಳೂ ಪೋಷಕರೂ ಇದನ್ನು ಅವಧಾನವಿಟ್ಟು ಕೇಳಬೇಕು. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗದವನ ಪಾಸ್‌ಪೋರ್ಟಿನಲ್ಲಿ ‘ವಲಸೆ ತಪಾಸಣೆ ಅಗತ್ಯ’ ಎಂಬ ಅರ್ಥದ ಮುದ್ರೆ ಬೀಳುತ್ತದೆ. ಅಂಥವನು ಸೌದಿ ಅರೇಬಿಯ, ಕುವೈತ್, ಕತಾರ್, ಒಮಾನ್, ಮಲೇಷಿಯ ಮೊದಲಾದ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ, ವಲಸೆ ರಕ್ಷಣಾಧಿಕಾರಿಯು ಅವನ ಕರಾರನ್ನು ನೋಡಿ ಒಪ್ಪಿಗೆ ಕೊಡಬೇಕು. ಹತ್ತು ಲಕ್ಷ ರೂಪಾಯಿಗಳ ವಿಮೆಯೂ ಅವನಿಗೆ ಕಡ್ಡಾಯ. ಅದರ ಕಂತು ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ. ಹತ್ತನೆಯ ತರಗತಿ ತೇರ್ಗಡೆಯಾದವನಿಗಾದರೋ ಈ ಮುದ್ರೆ ಇಲ್ಲ, ಈ ತಪಾಸಣೆಯೂ ಇಲ್ಲ. ಅವನು ನೇರವಾಗಿ ವಿಮಾನ ಹತ್ತಬಹುದು.

ಏಕೆ ಹೀಗೆ? ಹತ್ತನೆಯ ತರಗತಿ ಓದಿದವನು ತನ್ನ ಕರಾರನ್ನು ತಾನೇ ಓದಿಕೊಳ್ಳಬಲ್ಲನು, ತನ್ನ ಹಿತವನ್ನು ತಾನೇ ಕಾಯ್ದುಕೊಳ್ಳಬಲ್ಲನು ಎಂಬ ನಂಬಿಕೆಯೇ ಇದರ ಬುಡದಲ್ಲಿದೆ. ಅಂದರೆ ನಾವು ಕೊಡುವ ತೇರ್ಗಡೆಯ ಪತ್ರವು ಹುಡುಗನ ಬೆನ್ನ ಹಿಂದಿನ ಒಬ್ಬ ಕಾವಲುಗಾರನನ್ನು ತೆಗೆದುಬಿಡುತ್ತದೆ. ಆ ಕಾವಲುಗಾರನ ಸ್ಥಳದಲ್ಲಿ ಅವನ ಓದು ನಿಲ್ಲಬೇಕು. ಆ ಓದನ್ನು ನಾವು ಕೊಟ್ಟಿದ್ದೇವೆಯೇ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಂಕಪಟ್ಟಿಯ ನಕಲಿಗೆ ರುಜು ಮಾಡಿಸಿಕೊಳ್ಳಲು ಬಂದನು. “ಸಾರ್, ಹೊರದೇಶಕ್ಕೆ ಹೋಗುತ್ತಿದ್ದೇನೆ, ಡ್ರೈವರ್ ಕೆಲಸ” ಎಂದನು. ನನಗೆ ಹೆಮ್ಮೆಯಾಯಿತು. ರುಜು ಹಾಕಿ, ಮೊಹರು ಒತ್ತಿ, “ಒಳ್ಳೆಯದಾಗಲಿ ಮಗು” ಎಂದು ಕಳುಹಿಸಿದೆನು. ಕರಾರು ಎಲ್ಲಿ, ತೋರಿಸು ಎಂದು ಕೇಳಲಿಲ್ಲ. ಎರಡು ತಿಂಗಳ ಮೇಲೆ ಒಂದು ಸಂಜೆ ಅವನ ತಂದೆಯವರು ಮನೆಗೆ ಬಂದು, ಮಗನು ಫೋನಿನಲ್ಲಿ ಕಳುಹಿಸಿದ ಕಾಗದದ ಚಿತ್ರವನ್ನು ನನ್ನ ಮುಂದೆ ಹಿಡಿದರು. ಕಾಗದ ಇಂಗ್ಲಿಷಿನಲ್ಲಿಯೂ ಅರಬ್ಬಿಯಲ್ಲಿಯೂ ಇದ್ದಿತು. ಅದರಲ್ಲಿ ಡ್ರೈವರ್ ಎಂಬ ಮಾತೇ ಇರಲಿಲ್ಲ. ‘ಸಾಮಾನ್ಯ ಕೂಲಿ’ ಎಂದಿದ್ದಿತು. ದಲ್ಲಾಳಿಯು ಬಾಯಲ್ಲಿ ಹೇಳಿದ ಸಂಬಳ ಒಂದು, ಕಾಗದದಲ್ಲಿ ಕಂಡ ಸಂಬಳ ಮತ್ತೊಂದು. ಕೆಳಗೆ ಹುಡುಗನ ರುಜು ಮುತ್ತಿನಂಥ ಅಕ್ಷರದಲ್ಲಿದ್ದಿತು. ಆ ಅಕ್ಷರವನ್ನು ತಿದ್ದಿಸಿದವರು ಇದೇ ಶಾಲೆಯ ನಾವೇ.

“ಓದಿ ನೋಡದೆ ಏಕೆ ರುಜು ಹಾಕಿದೆ?” ಎಂದು ಫೋನಿನಲ್ಲಿ ಕೇಳಿದೆನು. “ಓದಿದೆ ಸಾರ್, ಅರ್ಥವಾಗಲಿಲ್ಲ. ಕೇಳಲು ನಾಚಿಕೆಯಾಯಿತು. ಎಲ್ಲರೂ ಹಾಕಿದರು, ನಾನೂ ಹಾಕಿದೆ” ಎಂದನು. ದಲ್ಲಾಳಿಗೆ ಕೊಟ್ಟ ಹಣಕ್ಕೆ ರಸೀದಿ ಇರಲಿಲ್ಲ. ಅವನು ನೋಂದಾಯಿತನೇ ಎಂದು ಯಾರೂ ವಿಚಾರಿಸಿರಲಿಲ್ಲ. ಹುಡುಗನು ಎರಡು ವರ್ಷ ದುಡಿದು ಊರಿಗೆ ಮರಳಿದನು. ದೇಹ ಕ್ಷೇಮವಾಗಿದ್ದಿತು, ಅದು ದೇವರ ದಯೆ. ಕೈಯಲ್ಲಿ ಮಾತ್ರ ಏನೂ ಇರಲಿಲ್ಲ.

ಏಕೆ ಇರಲಿಲ್ಲವೆಂಬುದನ್ನು ಒಂದು ಲೆಕ್ಕದ ಮೂಲಕ ತೋರಿಸುತ್ತೇನೆ. ಮಕ್ಕಳು ಮನೆಗೆ ಹೋಗಿ ಇದನ್ನು ಮಾಡಿ ನೋಡಬೇಕು. ಒಬ್ಬನು ದಲ್ಲಾಳಿಗೂ ಪ್ರಯಾಣಕ್ಕೂ ಸೇರಿ 1,50,000 ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದನೆನ್ನೋಣ. ಸಂಬಳ ನಮ್ಮ ಲೆಕ್ಕದಲ್ಲಿ 25,000, ಅಲ್ಲಿನ ಖರ್ಚು 10,000, ಉಳಿತಾಯ 15,000. ಈ ಉಳಿತಾಯವನ್ನೆಲ್ಲ ಸಾಲಕ್ಕೇ ಕಟ್ಟಿದರೂ ಸಾಲ ತೀರುವುದು ಹನ್ನೆರಡನೆಯ ತಿಂಗಳಿನಲ್ಲಿ. ಒಂದು ವರ್ಷ ಮನೆಗೆ ಒಂದು ಕಾಸೂ ಬಾರದು. ಈಗ ಕಾಗದ ಬದಲಾಗಿ ಸಂಬಳ 18,000ಕ್ಕೆ ಇಳಿಯಿತೆನ್ನಿರಿ. ಖರ್ಚು ಅಷ್ಟೇ, ಉಳಿತಾಯ 8,000. ಸಂಬಳ ಇಳಿದುದು 7,000 ರೂಪಾಯಿ ಮಾತ್ರ. ಆದರೆ ಸಾಲ ತೀರುವುದು ಇಪ್ಪತ್ತನಾಲ್ಕನೆಯ ತಿಂಗಳಿನಲ್ಲಿ. ಎರಡು ವರ್ಷದ ಕರಾರು ಮುಗಿಯುವುದೂ ಆಗಲೇ! ಅವನು ದುಡಿದುದೆಲ್ಲ ಬಡ್ಡಿಯವನಿಗಾಗಿ. ಅದೇ ಹುಡುಗನು ಕಾಯಿದೆಯಂತೆ 35,400 ರೂಪಾಯಿ ಮಾತ್ರ ಕೊಟ್ಟು, ಬೇರೆ ಸಾಲವಿಲ್ಲದೆ, 25,000ದ ಸಂಬಳಕ್ಕೆ ಹೋಗಿದ್ದರೆ ಮೂರನೆಯ ತಿಂಗಳಲ್ಲಿ ಋಣಮುಕ್ತನು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಾವು ಬಲ್ಲೆವು. ಹತ್ತಿರ ಹೋಗುವ ಮೊದಲೇ ಅದರ ಕಲ್ಲುಮುಳ್ಳನ್ನು ಕಾಣುವುದಕ್ಕೆ ಗಣಿತವೇ ಕನ್ನಡಕ.

ಸಂಬಳ ಎಂಬ ಒಂದೇ ಮಾತಿನಲ್ಲಿ ಹಲವು ಭಾಗಗಳು ಅಡಗಿರುತ್ತವೆ. ಮೂಲವೇತನ ಬೇರೆ, ಊಟ, ವಸತಿಗಳ ಭತ್ಯೆ ಬೇರೆ. ಕತಾರ್ ದೇಶವು 2021ರ ಮಾರ್ಚ್ ತಿಂಗಳಿಂದ 1,000 ರಿಯಾಲುಗಳ ಕನಿಷ್ಠ ಮೂಲವೇತನವನ್ನು ಗೊತ್ತುಮಾಡಿತು. ಮಾಲಿಕನು ವಸತಿ ಕೊಡದಿದ್ದರೆ 500, ಊಟ ಕೊಡದಿದ್ದರೆ 300 ರಿಯಾಲ್ ಸೇರಿಸಿ ಕೊಡತಕ್ಕದ್ದೆಂದು ವಿಧಿಸಿತು. ದುಬೈ, ಅಬುಧಾಬಿಗಳನ್ನೊಳಗೊಂಡ ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಕೆಲಸ ಬಿಟ್ಟು ಬರುವಾಗ, ಮೊದಲ ಐದು ವರ್ಷಗಳ ಸೇವೆಗೆ ವರ್ಷಕ್ಕೆ 21 ದಿನಗಳ ವೇತನದಂತೆ ಉಪದಾನ ಸಲ್ಲುವ ನಿಯಮವಿದೆ. ಆ ಲೆಕ್ಕ ಮೂಲವೇತನದ ಮೇಲೆಯೇ ಹೊರತು ಒಟ್ಟು ಸಂಬಳದ ಮೇಲಲ್ಲ. ಆದುದರಿಂದ “ಒಟ್ಟು ಎಷ್ಟು?” ಎಂದಷ್ಟೇ ಕೇಳಿ ತೃಪ್ತನಾಗುವವನು ಅರ್ಧ ಪ್ರಶ್ನೆಯನ್ನು ಮಾತ್ರ ಕೇಳಿದಂತಾಯಿತು.

ಸಂಬಳವು ಕೈಗೆ ಬರುವ ದಾರಿಯೂ ಮುಖ್ಯ. ಹಿಂದೆ ಮಾಲಿಕನು ನಗದಾಗಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಸಾಕ್ಷಿ ಎಲ್ಲಿಂದ ತರುವುದು? ಸಂಯುಕ್ತ ಅರಬ್ ಸಂಸ್ಥಾನಗಳು 2009ರಲ್ಲಿಯೂ, ಸೌದಿ ಅರೇಬಿಯ 2013ರಲ್ಲಿಯೂ, ಕತಾರ್ 2015ರಲ್ಲಿಯೂ ವೇತನ ರಕ್ಷಣಾ ವ್ಯವಸ್ಥೆಯನ್ನು ತಂದವು. ಅದರಂತೆ ಸಂಬಳವು ಬ್ಯಾಂಕಿನ ಮೂಲಕ ಸಲ್ಲಬೇಕು. ಸಲ್ಲಿತೋ ಇಲ್ಲವೋ ಎಂಬುದು ಅಲ್ಲಿನ ಸರ್ಕಾರಕ್ಕೆ ತಿಳಿಯುತ್ತದೆ. ಬ್ಯಾಂಕಿನಿಂದ ಬಂದ ಪ್ರತಿಯೊಂದು ತಿಂಗಳಿನ ಲೆಕ್ಕವೂ ನೌಕರನ ಕೈಯಲ್ಲಿ ಸಾಕ್ಷಿಯಾಗಿ ಉಳಿಯುತ್ತದೆ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

ಇನ್ನು ಕೆಲವರು ಊರಿನಲ್ಲೇ ಅಥವಾ ಬೆಂಗಳೂರಿನಲ್ಲಿ ಕುಳಿತು ಪರದೇಶದ ಮಾಲಿಕನಿಗೆ ದುಡಿಯುತ್ತಾರೆ. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ಕೇಂದ್ರ ತೆರೆದಂದಿನಿಂದ ಈ ಬಗೆಯ ಕೆಲಸ ಬೆಳೆಯುತ್ತ ಬಂದಿದೆ. ಇಲ್ಲಿ ಸ್ವಂತ ಕಚೇರಿಯಿಲ್ಲದ ವಿದೇಶಿ ಸಂಸ್ಥೆಯು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತದೆ. ನಮ್ಮ ದೇಶದ ಮತ್ತೊಂದು ಸಂಸ್ಥೆಯ ಮೂಲಕ ನೌಕರನನ್ನು ನೇಮಿಸಿ, ಅದರ ಕೈಯಿಂದ ಸಂಬಳ ಕೊಡಿಸುವುದು ಒಂದು. ಆಗ ಕಾನೂನಿನ ಕಣ್ಣಿನಲ್ಲಿ ಮಾಲಿಕನು ಇಲ್ಲಿನ ಸಂಸ್ಥೆಯೇ. ಆದಾಯ ತೆರಿಗೆಯ ಕಡಿತ, ನೌಕರನದು ನೂರಕ್ಕೆ 12 ಮಾಲಿಕನದು ನೂರಕ್ಕೆ 12ರಂತೆ ಭವಿಷ್ಯ ನಿಧಿ ಮೊದಲಾದವು ಅದರ ಹೊಣೆ. ‘ನೀನು ನೌಕರನಲ್ಲ, ಗುತ್ತಿಗೆದಾರ’ ಎಂದು ಬರೆಯಿಸಿಕೊಂಡು ಹಣ ಕಳುಹಿಸುವುದು ಮತ್ತೊಂದು. ಆಗ ಮೊತ್ತ ದೊಡ್ಡದಾಗಿ ಕಾಣುತ್ತದೆ; ಆದರೆ ಭವಿಷ್ಯ ನಿಧಿಯಿಲ್ಲ, ಸಂಬಳದ ರಜೆಯಿಲ್ಲ, ತೆರಿಗೆಯ ಲೆಕ್ಕವೆಲ್ಲ ನಮ್ಮ ತಲೆಯ ಮೇಲೆ. 2025ರ ನವೆಂಬರ್ 21ರಿಂದ ನಮ್ಮ ದೇಶದಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಪ್ರತಿಯೊಬ್ಬ ಕಾರ್ಮಿಕನಿಗೂ ನೇಮಕಾತಿ ಪತ್ರ ಕೊಡಬೇಕೆಂದು ವಿಧಿಸಿವೆ. ಆ ಪತ್ರದಲ್ಲಿ ಮಾಲಿಕನೆಂದು ಯಾರ ಹೆಸರಿದೆ, ನಮ್ಮನ್ನು ಏನೆಂದು ಕರೆದಿದೆ ಎಂಬೆರಡನ್ನು ಮೊದಲು ನೋಡಬೇಕು. ಗಲ್ಫಿನ ಕೂಲಿಗೂ ಬೆಂಗಳೂರಿನ ಇಂಜಿನಿಯರಿಗೂ ಪಾಠ ಒಂದೇ.

ಆದುದರಿಂದ ಯಾವ ಕರಾರಿಗೂ ರುಜು ಹಾಕುವ ಮೊದಲು ಏಳು ಪ್ರಶ್ನೆಗಳನ್ನು ಕೇಳಿರಿ. ಮಾಲಿಕನು ಯಾರು? ಕೆಲಸದ ಹೆಸರೇನು? ಮೂಲವೇತನವೆಷ್ಟು? ದಿನಕ್ಕೆ ಎಷ್ಟು ಗಂಟೆ, ವಾರಕ್ಕೆ ಎಷ್ಟು ರಜೆ? ಊಟ, ವಸತಿ, ಹೋಗಿಬರುವ ಖರ್ಚು ಯಾರದು? ಏನೇನು ಕಡಿತವಾಗುತ್ತದೆ? ಬಿಟ್ಟು ಬರಬೇಕಾದರೆ ದಾರಿ ಯಾವುದು? ಇವಕ್ಕೆ ಉತ್ತರ ಕಾಗದದ ಮೇಲೆ ಇರಬೇಕು. ಅದರ ಒಂದು ಪ್ರತಿ ಮನೆಯ ಪೆಟ್ಟಿಗೆಯಲ್ಲಿ ಉಳಿಯಬೇಕು. ಪಾಸ್‌ಪೋರ್ಟು ಭಾರತ ಸರ್ಕಾರದ ಸ್ವತ್ತು. ಅದನ್ನು ತನ್ನ ಬಳಿ ಒತ್ತೆ ಇಟ್ಟುಕೊಳ್ಳುವ ಹಕ್ಕು ಯಾವ ಮಾಲಿಕನಿಗೂ ಇಲ್ಲ. ದಲ್ಲಾಳಿಯ ನೋಂದಣಿಯನ್ನು ಸರ್ಕಾರದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ನೋಡಬಹುದು. ಕಷ್ಟ ಬಂದಾಗ 1800113090 ಎಂಬ ಸಹಾಯವಾಣಿಯೂ, 2015ರಲ್ಲಿ ವಿದೇಶಾಂಗ ಇಲಾಖೆ ಆರಂಭಿಸಿದ ‘ಮದದ್’ ಎಂಬ ದೂರು ವ್ಯವಸ್ಥೆಯೂ ಇವೆ.

ಕೊನೆಯದಾಗಿ ಪೋಷಕರಿಗೆ ಒಂದು ಮಾತು. “ಕನ್ನಡದಲ್ಲಿ ಓದಿದರೆ ಹೊರದೇಶದಲ್ಲಿ ಕೆಲಸ ಸಿಕ್ಕೀತೇ?” ಎಂದು ನೀವು ನನ್ನನ್ನು ಕೇಳುತ್ತಿರುತ್ತೀರಿ. 1953ರಲ್ಲಿ ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಸೇರಿದಂದಿನಿಂದ ನಾವು ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಮತ್ತೊಂದು ಭಾಷೆ ಎಂದು ಬಾಳುತ್ತಿದ್ದೇವೆ. ತಿಳಿಯದ ಕಾಗದಕ್ಕೆ ರುಜು ಹಾಕುವ ಸಂಕಟ ನಮಗೆ ಹೊಸತಲ್ಲ. ನನ್ನ ಆ ವಿದ್ಯಾರ್ಥಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲವೆಂದಲ್ಲ, ಬರುತ್ತಿತ್ತು. ಅರ್ಥವಾಗದುದನ್ನು ಅರ್ಥವಾಗಲಿಲ್ಲ ಎಂದು ಹೇಳುವ ಧೈರ್ಯ ಅವನಿಗೆ ಬಂದಿರಲಿಲ್ಲ. ಆ ಧೈರ್ಯವನ್ನು ಮಗುವು ತನ್ನ ತಾಯ್ನುಡಿಯ ತರಗತಿಯಲ್ಲಿಯೇ ಕಲಿಯಬೇಕು. “ಸಾರ್, ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ” ಎಂದು ಕನ್ನಡದಲ್ಲಿ ಕೇಳಲು ಹೆದರದ ಹುಡುಗನು ಮುಂದೆ ಯಾವ ಭಾಷೆಯ ಮಾಲಿಕನೆದುರಿಗೂ ಹೆದರನು. ಇಂಗ್ಲಿಷೂ ತೆಲುಗೂ ಬೇಕು, ಚೆನ್ನಾಗಿ ಬೇಕು. ಅವನ್ನು ಕಲಿಸುವುದರಲ್ಲಿ ನಾವು ಹಿಂದೆ ಬೀಳಬಾರದು. ಆದರೆ ಪ್ರಶ್ನೆ ಕೇಳುವ ಅಭ್ಯಾಸವು ಬೇರು, ಭಾಷೆಗಳು ಕೊಂಬೆಗಳು.

ನಾನು ತರಗತಿಯಲ್ಲಿ ಹುಡುಗರು ಪ್ರಶ್ನೆ ಕೇಳಿದಾಗ ವೇಳೆಯಿಲ್ಲವೆಂದು ಕುಳ್ಳಿರಿಸಿದ ದಿನಗಳು ಉಂಟು. ಅದನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳುತ್ತೇನೆ. ಈ ವರ್ಷದಿಂದ ಒಂದು ಸಣ್ಣ ಪ್ರಾಯಶ್ಚಿತ್ತವನ್ನು ಆರಂಭಿಸುತ್ತಿದ್ದೇನೆ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆಯ ಕಾಲ ನಾನು ಕಚೇರಿಯಲ್ಲಿರುತ್ತೇನೆ. ಕರಾರು, ನೇಮಕಾತಿ ಪತ್ರ, ಸಾಲದ ಕಾಗದ ಯಾವುದಿದ್ದರೂ ತನ್ನಿರಿ. ಹಳೆಯ ವಿದ್ಯಾರ್ಥಿಗಳೂ ಬನ್ನಿರಿ. ಕೂಡಿ ಕುಳಿತು ಓದೋಣ. ನನಗೆ ತಿಳಿಯದುದನ್ನು ತಿಳಿದವರಲ್ಲಿ ಕೇಳೋಣ. ನಾನು ಕಥೆ ಹೇಳಿದ ಆ ಹುಡುಗನೂ ಬರುತ್ತೇನೆಂದು ಒಪ್ಪಿದ್ದಾನೆ. ಅಂಕಪಟ್ಟಿಯ ನಕಲಿಗೆ ರುಜು ಬೇಡುವವರನ್ನು ಇನ್ನು ಮೇಲೆ ನಾನು “ಕರಾರು ಓದಿದೆಯಾ?” ಎಂದು ಕೇಳದೆ ಬಿಡುವುದಿಲ್ಲ.

ಮಕ್ಕಳೇ, ದೇಶಾಂತರ ಹೋಗಿರಿ, ದುಡಿಯಿರಿ, ತಲೆಯೆತ್ತಿ ಮನೆಗೆ ಬನ್ನಿರಿ. ಬೇಡವೆನ್ನುವವನು ನಾನಲ್ಲ. ರುಜು ಹಾಕುವ ಮೊದಲು ಮಾತ್ರ ಓದಿರಿ, ತಿಳಿಯದಿದ್ದರೆ ಕೇಳಿರಿ.